ಮಾತುಕತೆ ಮುರಿದ ರಾತ್ರಿ ಮೈಕಿನ ಮುಂದೆ ನಿಲ್ಲುವವರು

ನನ್ನಂಥ ಪಿಆರ್‌ಒ (ಸಾರ್ವಜನಿಕ ಸಂಪರ್ಕಾಧಿಕಾರಿ) ಅಂದರೆ ಪ್ರೆಸ್‌ನವರಿಗೆ ಕಾಫಿ ಕೊಡಿಸುವವರು ಅಂತ ನಮ್ಮ ಮೇಲಿನವರಿಗೆ ಇಂದಿಗೂ ನಂಬಿಕೆ. ನೌಕರರ ಸಂಘದ ಜೊತೆ ವೇತನದ ಮಾತುಕತೆ ಮುರಿದುಬಿದ್ದ ರಾತ್ರಿ ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಸಭೆ ಒಳಗೆ, ನಾನು ಹೊರಗೆ. ಗೇಟಿನ ಹತ್ತಿರ ಟಿವಿಯವರ ನೇರಪ್ರಸಾರದ ಓಬಿ ವ್ಯಾನ್‌ಗಳು, ಚಾನೆಲ್ ಲೋಗೋ ಇರುವ ಮೈಕ್ ಹಿಡಿದ ಹುಡುಗರು. "ಮೇಡಂ, ಒಂದೇ ಬೈಟ್ ಕೊಡಿ, ಎಡಿಷನ್ ಹೋಗ್ತಿದೆ." ಬೈಟ್ ಅಂದರೆ ಮೈಕಿಗೆ ಕೊಡುವ ಚಿಕ್ಕ ಹೇಳಿಕೆ. ಒಳಗೆ ಚೀಟಿ ಕಳಿಸಿದೆ. "ಏನೂ ಹೇಳಬೇಡಿ" ಅಂತ ಉತ್ತರ ಬಂತು. ನಾವು ಸುಮ್ನಿದ್ದರೆ ಸುದ್ದಿಯೂ ಸುಮ್ನಿರುತ್ತದೆ ಅಂತ ಅವರ ಲೆಕ್ಕ. ಅಷ್ಟರಲ್ಲಿ ಸಂಘದ ಅಧ್ಯಕ್ಷರು ಪಕ್ಕದ ಬಾಗಿಲಿಂದ ಬಂದು ನೇರ ಮೈಕುಗಳ ಮುಂದೆ ನಿಂತರು. ಆಡಳಿತ ನಮ್ಮನ್ನು ಎಬ್ಬಿಸಿ ಕಳಿಸಿತು ಅಂದರು. ನನ್ನ ಫೋನಿನಲ್ಲೇ ಫ್ಲ್ಯಾಶ್ ನ್ಯೂಸ್ ಓಡತೊಡಗಿತು. ಆಗಿದ್ದು ಬೇರೆ. ಮುಂದಿನ ವಾರ ಮತ್ತೆ ಕೂರೋಣ ಅಂತ ಎರಡೂ ಕಡೆಯವರು ಒಪ್ಪಿಯೇ ಎದ್ದಿದ್ದರು. ಅದು ನನಗೆ ಗೊತ್ತಾಗಿದ್ದು ಅವರ ಬೈಟ್ ಮುಗಿದ ಮೇಲೆ. ನಮ್ಮ ಪ್ರೆಸ್ ನೋಟ್‌ಗೆ ಸಹಿ ಬೀಳುವಷ್ಟರಲ್ಲಿ ಪೇಪರ್‌ಗಳು ಪ್ರಿಂಟಿಗೆ ಹೋಗಿದ್ದವು.

ಅಂಥ ಹೊತ್ತಿನಲ್ಲಿ ಹೇಗೆ ಮಾತಾಡಬೇಕು ಅನ್ನೋದಕ್ಕೆ ನನಗೆ ಮಾದರಿ ನಿರುಪಮಾ ರಾವ್. ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿ ಓದಿದವರು, 1973ರ ಐಎಫ್‌ಎಸ್ (ಭಾರತೀಯ ವಿದೇಶಾಂಗ ಸೇವೆ) ಬ್ಯಾಚ್. 2001ರಲ್ಲಿ ವಿದೇಶಾಂಗ ಸಚಿವಾಲಯದ ವಕ್ತಾರರಾದರು. ಆ ಹುದ್ದೆಗೆ ಬಂದ ಮೊದಲ ಮಹಿಳೆ ಅವರೇ. ಅದೇ ವರ್ಷ ಜುಲೈನಲ್ಲಿ ಭಾರತ ಮತ್ತು ಪಾಕಿಸ್ತಾನದ ನಡುವೆ ಆಗ್ರಾ ಶೃಂಗಸಭೆ. 16ರ ಬೆಳಗ್ಗೆ ಪಾಕಿಸ್ತಾನದ ಅಧ್ಯಕ್ಷ ಮುಷರಫ್ ನಮ್ಮ ಪತ್ರಿಕೆಗಳ ಸಂಪಾದಕರ ಜೊತೆ ತಿಂಡಿಗೆ ಕೂತು ಕಾಶ್ಮೀರದ ಬಗ್ಗೆ ಆಡಿದ್ದೆಲ್ಲ ಟಿವಿಯಲ್ಲಿ ಬಂತು. ರಾತ್ರಿ ಜಂಟಿ ಹೇಳಿಕೆ ಇಲ್ಲದೆಯೇ ಅವರು ಹೊರಟರು. ಆಗ ಕಾದು ಕೂತ ಪತ್ರಕರ್ತರ ಮುಂದೆ ಬಂದಿದ್ದು ನಿರುಪಮಾ. ಹೇಳಿದ್ದು ತೀರಾ ಚಿಕ್ಕದು: ನಿರಾಸೆಯಾಗಿದೆ, ಪಯಣ ಶುರುವಾಗಿದೆ, ಆದರೆ ಒಪ್ಪಿತ ಜಂಟಿ ಹೇಳಿಕೆಯೆಂಬ ಗುರಿ ಮುಟ್ಟಿಲ್ಲ.

ಯಾರನ್ನೂ ದೂರಲಿಲ್ಲ. ಆಗದ್ದನ್ನು ಆಗಿಲ್ಲ ಅಂತಲೇ ಹೇಳಿದರು, ಬಾಗಿಲು ಮಾತ್ರ ಮುಚ್ಚಲಿಲ್ಲ. ಮಾರನೇ ದಿನ ವಿದೇಶಾಂಗ ಸಚಿವ ಜಸ್ವಂತ್ ಸಿಂಗ್ ಪತ್ರಿಕಾಗೋಷ್ಠಿ ನಡೆಸಿದಾಗ ಯಾವ ಮಾತನ್ನೂ ನುಂಗಿಕೊಳ್ಳಬೇಕಾಗಲಿಲ್ಲ. ಪ್ರಚಾರದಲ್ಲಿ ಭಾರತ ಅಷ್ಟೊತ್ತಿಗೆ ಹಿಂದೆ ಬಿದ್ದಿತ್ತು ಅನ್ನುವವರಿದ್ದಾರೆ. ಇರಬಹುದು. ಆದರೆ ಎಷ್ಟು ಹೇಳಬೇಕು, ಯಾವಾಗ ಹೇಳಬೇಕು ಅಂತ ತೀರ್ಮಾನಿಸುವವರು ಬೇರೆಯವರು. ಅದಕ್ಕೆ ವಕ್ತಾರರನ್ನು ಹೊಣೆ ಮಾಡುವುದು ಸರಿಯಲ್ಲ.

ಮುಂದೆ ನಿರುಪಮಾ ಚೀನಾಕ್ಕೆ ಭಾರತದ ಮೊದಲ ಮಹಿಳಾ ರಾಯಭಾರಿಯಾದರು. 2009ರಲ್ಲಿ ವಿದೇಶಾಂಗ ಕಾರ್ಯದರ್ಶಿ. ಅಂಥವರನ್ನು ಕೂರಿಸಿದ ಕುರ್ಚಿ ಈ ವಕ್ತಾರರ ಕುರ್ಚಿ. ನಮ್ಮಲ್ಲಿ ಬೇರೆಲ್ಲೂ ಬೇಡವಾದವರನ್ನು ಪ್ರೆಸ್ ಸೆಕ್ಷನ್‌ಗೆ ಹಾಕುತ್ತಾರೆ.

ಆ ರಾತ್ರಿಯ ನಂತರ ನಮ್ಮನ್ನು ಕ್ಯಾಮೆರಾ ಮುಂದೆ ಮಾತಾಡುವ ತರಬೇತಿಗೆ ಕಳಿಸಿದರು. ಮಾತಾಡಲು ಬರಲ್ಲ ಅನ್ನೋದಾ ನಮ್ಮ ಸಮಸ್ಯೆ? ಒಳಗೇನಾಯಿತು ಅಂತ ನಮಗೇ ಗೊತ್ತಿರಲಿಲ್ಲ, ಅಲ್ವಾ? ಮಾತುಕತೆ ನಡೆಯುವಾಗ ವಕ್ತಾರರಿಗೆ ಹಿಂದಿನ ಸಾಲಿನಲ್ಲಿ ಒಂದು ಕುರ್ಚಿ ಕೊಡಿ, ಸಭೆ ಮುಗಿದ ಕೂಡಲೇ ಮೂರು ಸಾಲು ಓದಲು ಬಿಡಿ ಅಂತ ಫೈಲ್ ಹಾಕಿದ್ದೇನೆ. ಮುಂದಿನ ಸುತ್ತಿನ ಮಾತುಕತೆಗೆ ಮುಂಚೆ ಅದಕ್ಕೆ ಸಹಿ ಬೀಳಲೇಬೇಕು.