ಮರದ ಲೆಕ್ಕ

ಸೋಮವಾರ ಸೋಲಾರ್ ಹುಡುಗ ತಾರಸಿ ಅಳೆದು ಹೋದಾಗಿನಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ.

ಆರು ಪ್ಯಾನೆಲ್‌ಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದ. ಮೂರು ಕಿಲೋವ್ಯಾಟ್. ಒಟ್ಟು 2 ಲಕ್ಷ, ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯ ಸಬ್ಸಿಡಿ 78,000 ವಾಪಸ್ ಬರುತ್ತದೆ, ನಮ್ಮ ಕೈಯಿಂದ 1,22,000. "ನಾಲ್ಕೇ ವರ್ಷಕ್ಕೆ ದುಡ್ಡು ವಾಪಸ್ ಸಾರ್" ಅಂದ. ಆಮೇಲೆ ಪಶ್ಚಿಮಕ್ಕಿರುವ ತೆಂಗಿನ ಮರ ತೋರಿಸಿ, "ಇದೊಂದು ತೆಗೆಸಿಬಿಡಿ" ಅಂದ.

ಮೆಟ್ಟಿಲ ಹತ್ತಿರ ನಿಂತಿದ್ದ ಅಮ್ಮ ಅವನ ಕೈಲಿದ್ದ ಹಾಳೆ ನೋಡಿದರು. "ಇದ್ರಲ್ಲಿ ಮರದ ಲೆಕ್ಕ ಎಲ್ಲಿದೆಯಪ್ಪಾ?"

"ಕಡಿಸೋ ಕೂಲಿ ನಿಮ್ದೇ ಅಮ್ಮ" ಅಂದ ಹುಡುಗ.

ಅಮ್ಮ ಕೇಳಿದ್ದು ಅದಲ್ಲ. ಪಾತ್ರೆ ತೊಳೆದ ನೀರು ಹಾಕಿ ಬೆಳೆಸಿದ ಮರ ಅದು. ಈಗಲೂ ವರ್ಷಕ್ಕೆ ಎಂಬತ್ತು ಕಾಯಿ ಕೊಡುತ್ತದೆ. ಮಧ್ಯಾಹ್ನದ ಮೇಲೆ ಅಮ್ಮನ ಕೋಣೆಗೆ ಇರುವ ನೆರಳು ಅದೊಂದೇ.

ಹುಡುಗ ಕೆಟ್ಟವನಲ್ಲ. ಸಾಲಿನಲ್ಲಿ ಒಂದು ಪ್ಯಾನೆಲ್‌ಗೆ ನೆರಳು ಬಿದ್ದರೂ ಉಳಿದವು ಸೊರಗುತ್ತವೆ ಅಂತ ಬಿಡಿಸಿ ಹೇಳಿದ. ಆದರೆ ಕರೆಂಟ್ ಹೋದರೆ ಬ್ಯಾಟರಿ ಇಲ್ಲದ ಈ ಸೋಲಾರ್ ಕೂಡ ನಿಲ್ಲುತ್ತದೆ ಅನ್ನೋದನ್ನು ನಾನು ಕೇಳಿದ ಮೇಲೆಯೇ ಹೇಳಿದ್ದು. ಎಷ್ಟೇ ಸುಟ್ಟರೂ ಬಿಲ್‌ನಲ್ಲಿ ಬರುವ ನಿಗದಿತ ಶುಲ್ಕ ತಪ್ಪುವುದಿಲ್ಲ ಅನ್ನೋದನ್ನು ಹೇಳಲೇ ಇಲ್ಲ. ನನಗೆ ಬೇಜಾರಾಗಿದ್ದು ಅದಕ್ಕೆ.

ರಾತ್ರಿ ಕೂತು ನಾನೇ ಲೆಕ್ಕ ಹಾಕಿದೆ. ನಾವು ತಿಂಗಳಿಗೆ 260 ಯೂನಿಟ್ ಸುಡುತ್ತೇವೆ. 200 ದಾಟುವುದರಿಂದ ಗೃಹಜ್ಯೋತಿ ಇಲ್ಲ, ಪೂರ್ತಿ ಬಿಲ್. ನಿಗದಿತ ಶುಲ್ಕ ಬಿಟ್ಟರೆ ಸೋಲಾರ್‌ನಿಂದ ಉಳಿಯೋದು ತಿಂಗಳಿಗೆ 1,700 ರೂಪಾಯಿ. ಅಂದರೆ ನಾಲ್ಕಲ್ಲ, ಆರು ವರ್ಷ. ಪೂರ್ವದ ನಾಲ್ಕು ಪ್ಯಾನೆಲ್ ಮಾತ್ರ ಹಾಕಿಸಿದರೆ? ಎರಡು ಕಿಲೋವ್ಯಾಟ್, ಸಬ್ಸಿಡಿ 60,000. ನಮ್ಮ ಕೈಯಿಂದ 80,000 ಸಾಕು. ದಿನಕ್ಕೆ ಏಳೆಂಟು ಯೂನಿಟ್ ಬರುತ್ತದೆ. ಐದು ವರ್ಷದೊಳಗೆ ಹಾಕಿದ್ದು ಬಂತು. ಮರ ಉಳಿಸಿಕೊಂಡರೇ ದುಡ್ಡು ಬೇಗ ವಾಪಸ್!

ಆದರೂ ಮನಸ್ಸಿಗೆ ಚುಚ್ಚೋದು ಬೇರೆ. ಮರ ಉಳಿಸೋಕೆ ನನಗೆ ಈ ಲೆಕ್ಕ ಬೇಕಾಯ್ತು. ಅಮ್ಮನಿಗೆ ಬೇಕಾಗಲಿಲ್ಲ. ಬಿಸಿಲಿನಿಂದ ಕರೆಂಟ್ ಮಾಡೋದು ಒಳ್ಳೆಯ ಕೆಲಸ ಅಂತ ಹೊರಟವನು, ಬಿಸಿಲನ್ನೇ ಉಂಡು ಬೆಳೆದ ಮರವನ್ನು ಅಡ್ಡಿ ಅಂದುಕೊಂಡಿದ್ದೆ ಅಲ್ವಾ, ಒಂದು ಗಳಿಗೆ.

ನಿನ್ನೆ ಮೂರು ಗಂಟೆಗೆ ಅಮ್ಮನನ್ನೂ ಕರೆದುಕೊಂಡು ತಾರಸಿಗೆ ಹೋದೆ. ಗರಿಗಳ ನೆರಳು ಐದನೇ ಗೆರೆಯ ಮೇಲೆ ಆಡುತ್ತಿತ್ತು. ನಾಲ್ಕನೆಯದರ ಮೇಲೆ ಬಿಸಿಲಿತ್ತು.