3,400 ರೂಪಾಯಿಯ ರಸೀದಿ

ನಮ್ಮ ಮನೆ ಮಾಡಿನ ಹಂಚು ತಿರುಗಿಸಿ ನೋಡಿದರೆ ಸ್ವಿಟ್ಜರ್ಲೆಂಡಿನಿಂದ ಬಂದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನ ಮುದ್ರೆ, ಜೊತೆಗೆ 1865 ಅಂತ ಇಸವಿ. ಮಂಗಳೂರಿನ ಜೆಪ್ಪುವಿನಲ್ಲಿ ಮಿಷನ್ನಿನ ಹಂಚಿನ ಕಾರ್ಖಾನೆ ಶುರುವಾದ ವರ್ಷ ಅದು. ಅಜ್ಜನ ಅಪ್ಪ ಅಲ್ಲಿ ಮಣ್ಣು ಕಲಸುತ್ತಿದ್ದರಂತೆ. 1834ರಲ್ಲಿ ಮೂವರು ಮಿಷನರಿಗಳು ಊರಿಗೆ ಬಂದ ಕಥೆ ಸಂಡೇ ಸ್ಕೂಲಿನಲ್ಲೇ ನನಗೆ ಬಾಯಿಪಾಠ. ತಲೆ ಮೇಲೆ ಹಂಚು ಇದ್ದ ಹಾಗೆ ಕ್ರೈಸ್ತತನವೂ ಇತ್ತು. ಸೋರದೇ ಇದ್ದರೆ ಮಾಡನ್ನು ಯಾರು ನೋಡ್ತಾರೆ?

ಮಗುವಾಗಿದ್ದಾಗಲೇ ದೀಕ್ಷಾಸ್ನಾನ, ಹದಿನಾರಕ್ಕೆ ದೃಢೀಕರಣ, ಅಂದರೆ ಆ ನಂಬಿಕೆಯನ್ನು ನಾನೇ ಸಭೆಯ ಮುಂದೆ ಒಪ್ಪಿಕೊಳ್ಳುವುದು. ಆಮೇಲೆ ಯುವಜನ ಸಂಘದ ಕಾರ್ಯದರ್ಶಿ. 2009ರ ಡಿಸೆಂಬರಿನಲ್ಲಿ ಮನೆಮನೆಗೆ ಕ್ರಿಸ್ಮಸ್ ಕ್ಯಾರಲ್ ಹಾಡಲು ಹೋದಾಗ ಕಾಣಿಕೆ ಡಬ್ಬಿ ನನ್ನ ಕೈಯಲ್ಲಿತ್ತು. ಕೊನೆಯ ರಾತ್ರಿ ಮನೆಗೆ ತಂದು ಒಬ್ಬನೇ ಎಣಿಸಿದೆ. ಬೈಕ್ ಗ್ಯಾರೇಜಿನಲ್ಲಿತ್ತು, ಬಿಲ್ಲು 3,400 ರೂಪಾಯಿ. ಅಷ್ಟನ್ನು ತೆಗೆದುಕೊಂಡೆ. ಒಂದು ತಿಂಗಳೊಳಗೆ ವಾಪಸ್ ಹಾಕುವುದು ಅಂತ ಲೆಕ್ಕ. ಯಾರೂ ಕೇಳಲಿಲ್ಲ. ಯಾರೂ ಕೇಳದ ಸಾಲ ಬೇಗ ಮರೆತುಹೋಗುತ್ತದೆ.

ಮೂರು ವರ್ಷ ಕಳೆದು ಒಂದು ಕನ್ವೆನ್ಶನ್, ಕೆಲವು ದಿನ ನಡೆಯುವ ಪ್ರಸಂಗ ಕೂಟ. ಕೊನೆಯ ದಿನ, ಯೇಸುವಿಗೆ ಬದುಕು ಒಪ್ಪಿಸುವವರು ಮುಂದೆ ಬನ್ನಿ ಅಂತ ಪ್ರಸಂಗಿ ಕರೆದಾಗ ನಾನೂ ಕೈ ಎತ್ತಿದೆ, ಮುಂದೆ ಹೋಗಿ ಮೊಣಕಾಲೂರಿ ಅತ್ತೆ. ಅದು ನಾಟಕ ಅಲ್ಲ. ಬೈಬಲಿನ ನಿಕೊದೇಮನೂ ಹುಟ್ಟಿನಿಂದ ಧರ್ಮದವನೇ, ಅವನಿಗೇ ಅಲ್ವಾ ಯೇಸು ಹೊಸದಾಗಿ ಹುಟ್ಟಬೇಕು ಅಂದದ್ದು! ಮರುವಾರ ಸಭೆಯಲ್ಲಿ ಸಾಕ್ಷಿ ಹೇಳಿದೆ, ಅಂದರೆ ನನ್ನ ಬದುಕು ಬದಲಾದ ಕಥೆ. ಸಿಗರೇಟು ಬಿಟ್ಟದ್ದು, ಸಿನಿಮಾ ಬಿಟ್ಟದ್ದು ಎಲ್ಲ ಹೇಳಿದೆ. ಕೇಳಿದವರು ಕಣ್ಣೊರೆಸಿಕೊಂಡರು. ಡಬ್ಬಿಯ ಸುದ್ದಿ ಮಾತ್ರ ನನ್ನ ಬಾಯಿಗೂ ಬರಲಿಲ್ಲ, ನೆನಪಿಗೂ ಬರಲಿಲ್ಲ.

ನೆನಪಾದದ್ದು ಏಳೆಂಟು ತಿಂಗಳ ನಂತರ. ಒಂದು ಮಾಮೂಲಿ ಭಾನುವಾರ, ಕರೆಂಟ್ ಇಲ್ಲ, ಫ್ಯಾನ್ ನಿಂತಿದೆ. ಪಾಠ ಲೂಕನ ಸುವಾರ್ತೆ 19, ಸುಂಕ ವಸೂಲಿಯಲ್ಲಿ ಶ್ರೀಮಂತನಾದ ಜಕ್ಕಾಯನ ಕಥೆ. ನಮ್ಮ ಪಾಸ್ಟರ್ ಅಂಥ ದೊಡ್ಡ ಪ್ರಸಂಗಿಯೇನಲ್ಲ, ಕಾಗದ ನೋಡಿ ಓದುವವರು. ಅವರು ಓದುತ್ತಾ ಅಂದರು: "ಯೇಸು ದುಡ್ಡಿನ ಸುದ್ದಿ ಎತ್ತಲೇ ಇಲ್ಲ. ಮನೆಗೆ ಬರ್ತೇನೆ ಅಂದರು ಅಷ್ಟೆ. ಲೆಕ್ಕದ ಪುಸ್ತಕ ತೆಗೆದವನು ಜಕ್ಕಾಯನೇ." ಆಮೇಲೆ ಮುಂದಿನ ವಾಕ್ಯಕ್ಕೆ ಹೋದರು. ನಾನು ಹೋಗಲಿಲ್ಲ. ಬೆನ್ನಿನಲ್ಲಿ ಬೆವರು ಇಳಿಯಿತು, ಅದು ಸೆಕೆಯದ್ದು ಮಾತ್ರ ಆಗಿರಲಿಲ್ಲ.

ಮೋಸದಿಂದ ತೆಗೆದುಕೊಂಡದ್ದಕ್ಕೆ ಜಕ್ಕಾಯ ನಾಲ್ಕರಷ್ಟು ಕೊಡುತ್ತೇನೆ ಅಂದಿದ್ದ. ಅಂದರೆ 13,600. ನನ್ನ ಹತ್ತಿರ ಅಷ್ಟು ಇರಲಿಲ್ಲ. ಆ ರಾತ್ರಿ ಸತ್ಯವೇದ (ಬೈಬಲ್) ತಿರುವಿಹಾಕಿ ಸ್ವಲ್ಪ ಕಡಿಮೆ ರೇಟಿನ ವಾಕ್ಯ ಹುಡುಕಿದೆ. ನಗಬೇಡಿ. ಸಿಕ್ಕಿತು ಕೂಡ. ಹಳೆ ಒಡಂಬಡಿಕೆಯ ಅರಣ್ಯಕಾಂಡ 5ರಲ್ಲಿ, ತಪ್ಪು ಒಪ್ಪಿಕೊಂಡವನು ಮೂಲಧನದ ಜೊತೆ ಐದರಲ್ಲಿ ಒಂದು ಪಾಲು ಸೇರಿಸಿ ಕೊಡಬೇಕು ಅಂತ ಉಂಟು. 3,400ಕ್ಕೆ 680. ಒಟ್ಟು 4,080.

ಶನಿವಾರ ಸಂಜೆ ಖಜಾಂಚಿ ಅಂಕಲ್ ಮನೆಗೆ ಹೋದೆ. ನಿವೃತ್ತ ಗುಮಾಸ್ತರು. ಜಗಲಿಯಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದರು. ಎಲ್ಲ ಹೇಳಿದೆ. ಬೈಯುತ್ತಾರೆ, ಇಲ್ಲ ತಬ್ಬಿಕೊಳ್ಳುತ್ತಾರೆ ಅಂತ ಕಾದರೆ ಎರಡೂ ಇಲ್ಲ. ಅಡಕತ್ತರಿ ಕೆಳಗಿಟ್ಟು, ನೋಟು ಎರಡು ಸಲ ಎಣಿಸಿ, ಒಳಗಿಂದ ರಸೀದಿ ಪುಸ್ತಕ ತಂದರು.

"ಯಾವ ಖಾತೆಗೆ ಬರೀಲಿ?"

"ಗೊತ್ತಿಲ್ಲ ಅಂಕಲ್."

"3,400 ಕ್ಯಾರಲ್ ಬಾಕಿ ಅಂತ ಬರೀತೇನೆ. ಈ 680 ಎಂತದ್ದು?"

ಹೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿದರು. "ಜಕ್ಕಾಯನಿಗಿಂತ ನೀನು ಹುಷಾರು ಮಾರಾಯ." ಅಷ್ಟೆ. ಆಮೇಲೆ, "ನಾಳೆ ಬೆಳಿಗ್ಗೆ ಏಳಕ್ಕೆ ಬರ್ತೀಯಾ? ಲೋಟ ತೊಳೀಲಿಕ್ಕೆ ಜನ ಇಲ್ಲ."

ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಕರ್ತನ ಭೋಜನಕ್ಕೆ ನಮ್ಮಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಗಾಜಿನ ಲೋಟಗಳು, ಒಂದು ತಟ್ಟೆಗೆ 40. ತಳದಲ್ಲಿ ದ್ರಾಕ್ಷಾರಸ ಒಣಗಿ ಅಂಟಿರುತ್ತದೆ, ಬೆರಳು ಒಳಗೆ ಹೋಗುವುದಿಲ್ಲ. ಬಿಸಿನೀರಲ್ಲಿ ನೆನೆಸಿ, ಕಡ್ಡಿಗೆ ಬಟ್ಟೆ ಸುತ್ತಿ ತಿರುವಬೇಕು. ಇದನ್ನು ಕಲಿಸಿದವರು ಎಪ್ಪತ್ತು ದಾಟಿದ ಒಬ್ಬ ಆಂಟಿ. ನನ್ನ ಸಾಕ್ಷಿ ಕೇಳಿ ಅತ್ತವರಲ್ಲಿ ಅವರೂ ಒಬ್ಬರು. ಲೋಟದ ವಿಷಯದಲ್ಲಿ ಮಾತ್ರ ಅವರಿಗೆ ಸಾಕ್ಷಿಗೀಕ್ಷಿ ನಡೆಯುವುದಿಲ್ಲ.

ಒರೆಸಲು ಬರುತ್ತಿದ್ದವನು, ಸಭೆಯ ಎಲೆಕ್ಷನ್ನಿನಲ್ಲಿ ಜಗಳ ಆಡಿ ನಾನು ಮಾತು ಬಿಟ್ಟಿದ್ದ ಮನುಷ್ಯ. ಮೊದಲ ನಾಲ್ಕು ವಾರ ಇಬ್ಬರೂ ತುಟಿ ಬಿಚ್ಚಲಿಲ್ಲ. ಆದರೆ ಒದ್ದೆ ಗಾಜನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುವಾಗ "ಹಿಡ್ಕೊಂಡ್ರಾ?" ಅಂತಾದರೂ ಕೇಳಲೇಬೇಕಲ್ಲ. ಅಲ್ಲಿಂದ ಶುರುವಾಯಿತು. ಅವರ ಮಗನಿಗೆ ಡೆಂಗ್ಯೂ ಆದಾಗ ಆಸ್ಪತ್ರೆಯಲ್ಲಿ ಎರಡು ರಾತ್ರಿ ಕೂತದ್ದು ನಾನೇ. ಹಾಗಂತ ಎಲೆಕ್ಷನ್ ವಿಷಯದಲ್ಲಿ ಅವರದ್ದೇ ತಪ್ಪು ಅಂತ ಈಗಲೂ ನನಗೆ ಅನಿಸುತ್ತದೆ.

ಕನ್ವೆನ್ಶನ್ನಿನ ಆ ರಾತ್ರಿಯನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ನೀನು ಯಾವಾಗ ತಿರುಗಿಕೊಂಡದ್ದು ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ಕಣ್ಣಿಗೆ ಬರುವುದು ಆ ಜಗಲಿ, ಅಡಿಕೆ ಸಿಪ್ಪೆ, ನೀಲಿ ಕಾರ್ಬನ್ ಹಾಕಿ ಬರೆದ ರಸೀದಿ.

ಆಂಟಿಗೆ ಈಗ ಕಣ್ಣು ಅಷ್ಟು ಕಾಣುವುದಿಲ್ಲ. ಆದರೂ ನಾನು ತೊಳೆದಿಟ್ಟದ್ದರಲ್ಲಿ ಎರಡು ಮೂರು ಲೋಟ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾರೆ. ಕಳೆದ ಭಾನುವಾರ ಒಂದನ್ನು ವಾಪಸ್ ಕೊಟ್ಟರು.