ಗುಳ್ಳೆ ನಿಂತರೆ ಮೊದಲು ಮಗುವಿನ ಮುಖ ನೋಡಿ

ನವಜಾತ ಶಿಶುಗಳ ಐಸಿಯುನಲ್ಲಿ ಮೂವತ್ತು ವರ್ಷ ದುಡಿದ ರೆಸ್ಪಿರೇಟರಿ ಥೆರಪಿಸ್ಟ್ (ಉಸಿರಾಟದ ಚಿಕಿತ್ಸೆ, ಯಂತ್ರ ನೋಡಿಕೊಳ್ಳುವವರು) ನಿವೃತ್ತರಾದಾಗ ಶಾಲು, ಹಾರ ಇದ್ದೇ ಇರುತ್ತವೆ. ಅದಕ್ಕೂ ಮುಂಚೆ ಆಗಬೇಕಾದ ಕೆಲಸವೊಂದಿದೆ. ಅವರ ಕೊನೆಯ ತಿಂಗಳ ರೌಂಡ್‌ಗಳಲ್ಲಿ ಕಿರಿಯರೊಬ್ಬರು ನೋಟ್‌ಬುಕ್ ಹಿಡಿದು ಜೊತೆಗೆ ಓಡಾಡಬೇಕು. ವೆಂಟಿಲೇಟರಿನ ಮ್ಯಾನ್ಯುಯಲ್ ಕಪಾಟಿನಲ್ಲೇ ಉಳಿಯುತ್ತದೆ, ಆ ಕೈಗೆ ಗೊತ್ತಿರುವುದು ಉಳಿಯುವುದಿಲ್ಲ.

1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್ ಐದೂವರೆ ವಾರ ಮುಂಚೆ ಹುಟ್ಟಿ, 39 ಗಂಟೆಯಲ್ಲಿ ತೀರಿಕೊಂಡ. ತೂಕ ಎರಡು ಕಿಲೋಗಿಂತ ಹೆಚ್ಚೇ ಇತ್ತು, ಶ್ವಾಸಕೋಶ ಬಲಿತಿರಲಿಲ್ಲ. 1971ರಲ್ಲಿ ಅಮೆರಿಕದ ವೈದ್ಯ ಗ್ರೆಗರಿ ಮತ್ತು ಸಂಗಡಿಗರು ಸಿಪ್ಯಾಪ್ ತಂದರು, ಅಂದರೆ ಉಸಿರಿನ ದಾರಿಗೆ ಸತತ ಒತ್ತಡದಲ್ಲಿ ಗಾಳಿ ಕೊಡುವ ಕ್ರಮ. 1980ರಲ್ಲಿ ಜಪಾನಿನ ವೈದ್ಯ ಫುಜಿವಾರಾ, ಶ್ವಾಸಕೋಶದ ಗಾಳಿಚೀಲಗಳು ಕುಸಿಯದಂತೆ ಕಾಯುವ ಸರ್ಫ್ಯಾಕ್ಟೆಂಟ್ ಕೊಟ್ಟು ಫಲ ತೋರಿಸಿದರು. ಇಂದು ಅಂಥ ಮಗು ಸಾಮಾನ್ಯವಾಗಿ ಕೆಲವು ದಿನ ಸಿಪ್ಯಾಪ್‌ನಲ್ಲಿದ್ದು ತಾಯಿಯ ಮಡಿಲು ಸೇರುತ್ತದೆ.

ನೋಟ್‌ಬುಕ್ಕಿಗೆ ಮೊದಲು ಬರಬೇಕಾದದ್ದು ಬಬಲ್ ಸಿಪ್ಯಾಪ್. ನೋಡಲು ಸರಳ. ಬೆಚ್ಚಗಿನ, ತೇವದ ಗಾಳಿ ಮೂಗಿಗೆ ಹೋಗುತ್ತದೆ. ಹೊರಬರುವ ಕೊಳವೆಯ ತುದಿ ಬಾಟಲಿಯ ನೀರಿನಲ್ಲಿ ಸಾಮಾನ್ಯವಾಗಿ 5 ಸೆಂ.ಮೀ. ಮುಳುಗಿ ಗುಳ್ಳೆ ಬಿಡುತ್ತಿರುತ್ತದೆ, ನೀರಿನ ಆ ಆಳದ ಒತ್ತಡವೇ ಗಾಳಿಚೀಲಗಳು ಮುಚ್ಚಿಕೊಳ್ಳದಂತೆ ತಡೆಯುತ್ತದೆ. ಫ್ಲೋ, ಅಂದರೆ ಗಾಳಿಯ ಹರಿವು, ನಿಮಿಷಕ್ಕೆ 5ರಿಂದ 8 ಲೀಟರ್. ಗುಳ್ಳೆ ನಿಂತ ಕೂಡಲೇ ಹೊಸಬರ ಕೈ ಫ್ಲೋಮೀಟರಿಗೆ ಹೋಗುತ್ತದೆ. ಹೋಗಬಾರದು. ಮೊದಲು ಮಗುವನ್ನು ನೋಡಿ: ಪ್ರಾಂಗ್ (ಹೊಳ್ಳೆಗಳಿಗೆ ಹಾಕುವ ಜೋಡಿ ಕೊಳವೆ) ಜಾರಿದೆಯೇ, ಬಾಯಿ ತೆರೆದಿದೆಯೇ? ಗೊತ್ತಾಗದಿದ್ದರೆ ಪ್ರಾಂಗನ್ನು ಕ್ಷಣಕಾಲ ತೆಗೆದು, ಗ್ಲೌಸ್ ಹಾಕಿದ ಬೆರಳಿನಿಂದ ಅದರ ಎರಡೂ ತೂತು ಮುಚ್ಚಿ. ಗುಳ್ಳೆ ಬಂದರೆ ಕೊಳವೆಗಳ ಸರ್ಕ್ಯೂಟ್ ಸರಿಯಿದೆ, ಸೋರಿಕೆ ಮಗುವಿನ ಕಡೆಯದು. ಬರದಿದ್ದರೆ ಗಾಳಿಗೆ ತೇವ ಕೊಡುವ ಹ್ಯುಮಿಡಿಫೈಯರ್ ಚೇಂಬರ್, ಟೆಂಪರೇಚರ್ ಪ್ರೋಬ್ ಕೂರುವ ಜಾಗ, ಒಂದೊಂದು ಜೋಡಣೆಯನ್ನೂ ತಡಕಿ.

ಇದಕ್ಕಿಂತ ಹೆಚ್ಚು ಮೋಸ ಮಾಡುವುದು ನಿಲ್ಲದ ಗುಳ್ಳೆ. ಮೂಗು ಕಫದಿಂದ ಕಟ್ಟಿಕೊಂಡಿದ್ದರೂ ಬಾಟಲಿಯ ನೀರು ಗುಳುಗುಳು ಎನ್ನುತ್ತಲೇ ಇರುತ್ತದೆ. ಹೊರಬರುವ ಕೊಳವೆ ಜೋತುಬಿದ್ದ ಕಡೆ ನೀರು ನಿಂತರೆ ಒತ್ತಡ ಗುರುತಿಗಿಂತ ಮೇಲೇರುತ್ತದೆ, ಬಾಟಲಿ ಅದನ್ನು ಹೇಳುವುದಿಲ್ಲ. ಹಾಗಾಗಿ ಕಣ್ಣು ಎದೆಯ ಮೇಲಿರಬೇಕು: ಪಕ್ಕೆ ಒಳಗೆ ಸೆಳೆಯುತ್ತಿದೆಯೇ, ಹೊಳ್ಳೆ ಅರಳುತ್ತಿದೆಯೇ, ಉಸಿರು ಬಿಡುವಾಗ ನರಳುತ್ತಿದೆಯೇ. ನಿಂತ ನೀರನ್ನು ಮಗುವಿನ ಕಡೆಗೆ ಎಂದೂ ಹರಿಸಬೇಡಿ.

ಮೂಗಿನ ವಿಷಯದಲ್ಲಿ ಹಳಬರು ಯಾರನ್ನೂ ಬಿಡುವುದಿಲ್ಲ, ಬಿಡಲೂಬಾರದು. ಪ್ರಾಂಗ್ ಹೊಳ್ಳೆಯನ್ನು ತುಂಬಬೇಕು, ಆದರೆ ಸುತ್ತಲಿನ ಚರ್ಮ ಬಿಳಚಬಾರದು. ಪ್ರಾಂಗಿನ ಅಡ್ಡಪಟ್ಟಿಗೂ ಎರಡು ಹೊಳ್ಳೆಗಳ ನಡುವಿನ ಗೋಡೆಗೂ ಸುಮಾರು 2 ಮಿ.ಮೀ. ಅಂತರ ಇರಲೇಬೇಕು. ಸೋರಿಕೆ ನಿಲ್ಲಿಸಲು ಪ್ರಾಂಗನ್ನು ಒತ್ತಿ ಬಿಗಿದರೆ ಆ ಗೋಡೆಗೆ ರಕ್ತ ಹರಿಯದೆ ಹುಣ್ಣಾಗುತ್ತದೆ, ಬಿಟ್ಟರೆ ಗೋಡೆಯೇ ಕರಗುತ್ತದೆ. ಬಿಗಿಯಬೇಡಿ, ಸೈಜ್ ಬದಲಿಸಿ. ಕೊಳವೆಗಳ ಭಾರ ಮಗುವಿಗೆ ಹಾಕಿದ ಟೋಪಿಯ ಮೇಲೆ ಬೀಳಲಿ, ಮೂಗಿನ ಮೇಲಲ್ಲ. ಮೂರು ನಾಲ್ಕು ಗಂಟೆಗೊಮ್ಮೆ ಪ್ರಾಂಗ್ ಸರಿಸಿ ಚರ್ಮ ನೋಡಿ. ಹೊಟ್ಟೆ ಉಬ್ಬದಂತೆ ಬಾಯಿಯ ಮೂಲಕ ಹಾಕಿದ ಟ್ಯೂಬ್, ಹಾಲು ಕೊಡದ ಹೊತ್ತಿನಲ್ಲಿ ತೆರೆದಿರಲಿ.

ಆಕ್ಸಿಜನ್ ಪಡೆಯುತ್ತಿರುವ ತಿಂಗಳು ತುಂಬದ ಮಗುವಿಗೆ ಸ್ಯಾಚುರೇಶನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) ಗುರಿ ಶೇಕಡಾ 90ರಿಂದ 95. 2010ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ 85–89ರ ಗುಂಪಿಗೆ ಕಣ್ಣಿನ ತೀವ್ರ ತೊಂದರೆ ಕಡಿಮೆಯಾಯಿತು, ಸಾವು ಹೆಚ್ಚಾಯಿತು. ಅಲಾರಂ ಮಿತಿಯನ್ನು ಪಾಳಿ ಬದಲಾದಾಗಲೆಲ್ಲ ಕಣ್ಣಾರೆ ನೋಡಿ.

ವೆಂಟಿಲೇಟರಿನಲ್ಲಿರುವ ಮಗುವಿಗೆ ಸರ್ಫ್ಯಾಕ್ಟೆಂಟ್ ಕೊಟ್ಟ ಮೇಲಿನ ಅರ್ಧ ಗಂಟೆ ಹಾಸಿಗೆ ಬಿಟ್ಟು ಕದಲಬೇಡಿ. ನಿಮಿಷಗಳಲ್ಲೇ ಶ್ವಾಸಕೋಶ ಮೃದುವಾಗುತ್ತದೆ, ಹಳೆಯ ಒತ್ತಡವೇ ಈಗ ಹೆಚ್ಚು ಗಾಳಿ ತುಂಬಿ ಶ್ವಾಸಕೋಶವನ್ನು ಒಡೆಯಬಹುದು. ಎದೆಯ ಏರಿಳಿತ ನೋಡಿಕೊಂಡು ಒತ್ತಡವನ್ನೂ ಆಕ್ಸಿಜನ್ನನ್ನೂ ಇಳಿಸುತ್ತಾ ಬನ್ನಿ. ಮಗು ಹಠಾತ್ತನೆ ಕುಸಿದರೆ ಉಸಿರಿನ ಟ್ಯೂಬ್ ಜಾರಿದೆಯೇ, ಕಟ್ಟಿದೆಯೇ, ಎದೆಗೂಡಿನಲ್ಲಿ ಗಾಳಿ ಸೇರಿದೆಯೇ, ಯಂತ್ರ ಕೆಟ್ಟಿದೆಯೇ ಎಂದು ಇದೇ ಕ್ರಮದಲ್ಲಿ ನೋಡಿ. ಎದೆಗೆ ಬೆಳಕು ಹಿಡಿದು ನೋಡುವ ಟಾರ್ಚ್ ಚಾರ್ಜ್ ಆಗಿರಲಿ.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನಿವೃತ್ತರ ಹೆಸರು, ಸೇವೆಯ ವರ್ಷ ಬರೆಯಿರಿ. ಪ್ರಾಂಗ್ ಪೆಟ್ಟಿಗೆಗಳ ಪಕ್ಕದಲ್ಲೇ ಇಡಿ, ರಾತ್ರಿ ಪಾಳಿಯವರ ಕೈ ಮೊದಲು ಹೋಗುವ ಜಾಗ ಅದು.